ಬೆಡ್‌ಶೀಟಿನ ಆ ಕಡೆಯ ತುದಿ

ನಮ್ಮ ಲಾಂಡ್ರಿಗೆ ಬಟ್ಟೆ ತೆಗೆದುಕೊಂಡು ಹೋಗಲು ಬಂದವರು ಒಂದು ಬೆಡ್‌ಶೀಟನ್ನಾದರೂ ಮಡಚಿಕೊಟ್ಟೇ ಹೋಗಬೇಕಿತ್ತು. ಬೋರ್ಡಿನ ಮೇಲೆ ಬರೆದ ನಿಯಮವಲ್ಲ ಅದು, ನಮ್ಮ ಭಾವನಿಗೆ ಹತ್ತಿದ ಗೀಳು.

ಅವತ್ತು ಸಿಕ್ಕಿಬಿದ್ದವರು ಲೆಕ್ಚರರ್. ಕಾಲೇಜಿನಲ್ಲಿ ನನಗೆ ಇತಿಹಾಸ ಹೇಳಿದವರು. ಪಾಠವನ್ನೆಲ್ಲ ಮೂಗಿನಲ್ಲೇ ಮುಗಿಸಿ, ಬಾಯಿಯನ್ನು ಬೈಯುವುದಕ್ಕೆಂದು ಮೀಸಲಿಟ್ಟವರು. ರಸೀದಿ ಚಾಚಿಕೊಂಡು ನಿಂತಿದ್ದರು. ಭಾವ ಒಳಗಿನಿಂದ ದೊಡ್ಡ ಬೆಡ್‌ಶೀಟೊಂದನ್ನು ಹಿಡಿದು ಬಂದವರೇ ಎರಡು ತುದಿಗಳನ್ನು ಅವರ ಎರಡು ಕೈಗೆ ಕೊಟ್ಟು, ಉಳಿದೆರಡು ತುದಿ ಹಿಡಿದು ಹಿಂದಹಿಂದಕ್ಕೆ ನಡೆದು, ಬಾಗಿಲ ಹತ್ತಿರ ನಿಂತು ಅವರ ಮುಖವನ್ನೇ ನೋಡತೊಡಗಿದರು.

"ಈಗ ಏನ್ಮಾಡ್ಬೇಕು?" ಅಂದಿತು ಲೆಕ್ಚರರ ಮೂಗು.

ಭಾವ ಹುಬ್ಬು ಕುಣಿಸಿದರು. ಲೆಕ್ಚರರ್ ಎಡಗೈಯ ತುದಿಯನ್ನು ಬಲಗೈಗೆ ಕೊಟ್ಟರು. ಭಾವನೂ ತಮ್ಮ ಕಡೆ ಎಡದಿಂದ ಬಲಕ್ಕೇ ಕೊಟ್ಟಿದ್ದರು. ಎದುರೆದುರು ನಿಂತವರು ಇಬ್ಬರೂ ಒಂದೇ ಕೈ ಬಳಸಿದರೆ ಏನಾಗುತ್ತದೆ? ಬೆಡ್‌ಶೀಟ್ ಹಗ್ಗದ ಹಾಗೆ ಹುರಿಗೊಂಡಿತು.

"ಹೋಗ್ಲಿ ಬಿಡಿ ಸಾರ್," ಭಾವ ನಿಟ್ಟುಸಿರಿಟ್ಟರು. "ಅಲ್ಲಿ ಆಗಿದ್ರೆ..."

"ಅಲ್ಲಿ, ಅಲ್ಲಿ, ಅಲ್ಲಿ," ಇಸ್ತ್ರಿ ಮೇಜಿನ ಹಿಂದಿನಿಂದ ಅಕ್ಕನ ದನಿ ಬಂತು. "ಹಲ್ಲಿ ಥರ ಲೊಚಗುಡ್ತಾನೇ ಇರಿ ನೀವು. ಸಾರ್, ಅದನ್ನ ಈ ಕಡೆ ಕೊಡಿ. ಬಟ್ಟೆ ಒಗೆಸೋಕೆ ಬಂದವರಿಗೆಲ್ಲ ಡ್ರಿಲ್ ಮಾಡಿಸ್ತಾರೆ ಇವ್ರು."

ಲೆಕ್ಚರರ್ ಬೀದಿ ತಿರುಗಿದ ಮೇಲೆ ನಾನು ಅವರ ಮೂಗನ್ನು ಕಡ ತಂದು, "ಬೆಡ್‌ಶೀಟಿನ ಅವನತಿಗೆ ಕಾರಣಗಳನ್ನು ವಿವರಿಸಿ" ಎಂದೆ. ಅಕ್ಕ ನಕ್ಕಳು. ಭಾವ ನಗಲಿಲ್ಲ. ಬಾಗಿಲ ಹತ್ತಿರವೇ ನಿಂತಿದ್ದರು, ಕೈಗಳು ಇನ್ನೂ ಖಾಲಿ ತುದಿಗಳನ್ನು ಹಿಡಿದಂತೆಯೇ ಇದ್ದವು.

ಅಕ್ಕ ನನ್ನನ್ನು ಕರೆಯುವುದೇ ಗಿಳಿ ಎಂದು. ಕೇಳಿದ ದನಿಯನ್ನು ಹಾಗೇ ಒಪ್ಪಿಸುವುದು ಚಿಕ್ಕಂದಿನಿಂದ ಬಂದ ಚಟ. ಡಿಗ್ರಿ ಮುಗಿಸುವಷ್ಟರಲ್ಲಿ ನಾನು ಸಂಪಾದಿಸಿದ್ದು ಆ ಕಲೆಯೊಂದನ್ನೇ. ಈಗ ಲಾಂಡ್ರಿಯ ಕೌಂಟರಿನಲ್ಲಿ ಕೂತು ನೋಡುವುದೂ ಕಲೆಗಳನ್ನೇ: ಇಂಕಿನ ಕಲೆ, ಎಣ್ಣೆ ಕಲೆ, ತುಕ್ಕಿನ ಕಲೆ. ಆ ಕಲೆ ಕಷ್ಟಪಡದೆ ಬರುವುದಿಲ್ಲ, ಈ ಕಲೆ ಕಷ್ಟಪಡದೆ ಹೋಗುವುದಿಲ್ಲ. ಅಷ್ಟೇ ವ್ಯತ್ಯಾಸ.

ಭಾವ ಮತ್ತು ಅಕ್ಕ ಎಂಟ್ಹತ್ತು ವರ್ಷ ಹೊರದೇಶದಲ್ಲಿದ್ದು ವಾಪಸು ಬಂದು ಈ ಅಂಗಡಿ ಹಾಕಿದವರು. ಹೊರಗೆ ಹೋಗಿ ಬಂದವರು ಸಾಮಾನ್ಯವಾಗಿ ಅಲ್ಲಿನ ಸೇತುವೆ, ಸಮುದ್ರ, ಗಾಜಿನ ಕಟ್ಟಡ ಎಂದು ಹೊಗಳುತ್ತಾರೆ. ನಮ್ಮ ಭಾವ ಹೊಗಳುವುದು ಒಂದು ನೆಲಮಾಳಿಗೆಯನ್ನು. ದೊಡ್ಡ ಹೋಟೆಲೊಂದರ ಕೆಳಗಿನ ಲಾಂಡ್ರಿ. ಕಿಟಕಿ ಇಲ್ಲ. ಒಂದು ಮೂಲೆಯಲ್ಲಿ ಬಾಯ್ಲರ್, ಕುರ್ಚಿಯಿಂದ ಏಳುವ ಮುದುಕನ ಹಾಗೆ ನರಳುತ್ತಿತ್ತಂತೆ. ನೆಲವೆಲ್ಲ ಬೆಚ್ಚಗೆ. ಹತ್ತಾರು ದೇಶಗಳ ಕೆಲಸಗಾರರು, ಒಬ್ಬರ ಮಾತು ಒಬ್ಬರಿಗೆ ಬಾರದು. ಅವರೆಲ್ಲರ ಮೇಲೆ ಒಬ್ಬ ಮೇಲ್ವಿಚಾರಕಿ. ಮುರುಕು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಉಸಿರು ಕಟ್ಟಿ, ಆಮೇಲೆ ಎಲ್ಲವನ್ನೂ ಒಂದೇ "ಸ್ಸ್ಸ್" ಎಂದು ಬಿಡುವ ಆಕೆಗೆ ಭಾವ ಇಟ್ಟ ಹೆಸರು ಕುಕ್ಕರಮ್ಮ.

ಆ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು ಜೋಡಿ ಕೆಲಸ. ಕೆಲಸಕ್ಕೆ ಸೇರಿದ ದಿನ ಯಾರ ಜೊತೆ ಜೋಡಿ ಬಿತ್ತೋ ಬಿತ್ತು, ಬಿಡುಗಡೆಯಿಲ್ಲ. ಕುಕ್ಕರಮ್ಮ ಹೆಸರು ಹಿಡಿದು ಯಾರನ್ನೂ ಕರೆಯುತ್ತಿರಲಿಲ್ಲ. ಕಂಬದ ಜೋಡಿ, ನಲ್ಲಿ ಜೋಡಿ, ಬಾಗಿಲ ಜೋಡಿ, ಹೀಗೆ. ಜೋಡಿಯಲ್ಲಿ ಒಬ್ಬ ರಜೆ ಹಾಕಿದರೆ ಇನ್ನೊಬ್ಬನಿಗೆ ಬೆಡ್‌ಶೀಟ್ ಇಲ್ಲ, ಟವೆಲು. ಟವೆಲು ಒಬ್ಬರೇ ಮಡಚುವಂಥದ್ದು. ಅಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲವಂತೆ.

ಭಾವ ಬಾಗಿಲ ಜೋಡಿಯ ಅರ್ಧ. ಇನ್ನರ್ಧ, ಭಾವ 'ಗೋಡೆ' ಎಂದು ಕರೆಯುವ ಮನುಷ್ಯ. ಬಾಗಿಲಿಗೆ ಅಡ್ಡ ನಿಂತರೆ ಬಾಗಿಲು ಬೇಡ, ಅಷ್ಟು ಅಗಲ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಈ ಗೋಡೆಗೆ ಕಿವಿ ಇತ್ತು, ಬಾಯಿ ಇರಲಿಲ್ಲ. ಇದ್ದರೂ ಭಾವನಿಗೆ ಅವನ ಭಾಷೆ ಬಾರದು, ಅವನಿಗೆ ಭಾವನದು ಬಾರದು.

"ಅಷ್ಟು ವರ್ಷ ನಾವಿಬ್ರೂ ಒಂದೇ ಒಂದು ಮಾತಾಡಿಲ್ಲ ಕಣೋ," ಭಾವ ಹೇಳುತ್ತಿದ್ದರು. "ಆದ್ರೆ ಎಲ್ಲ ಗೊತ್ತಾಗ್ತಿತ್ತು. ಅವನಿಗೆ ಜ್ವರ ಬಂದ್ರೆ ಬಟ್ಟೆ ಆ ಕಡೆ ಜೋಲು ಬೀಳೋದು. ಅವನಿಗೆ ಮಗಳು ಹುಟ್ಟಿದ ದಿನ ಶೀಟ್ ಒದರಿದ ನೋಡು, ಚಾವಟಿ ಹೊಡೆದ ಹಾಗೆ ಛಟ್ ಅಂತು. ಆಗಲೇ ಗೊತ್ತಾಯ್ತು, ಏನೋ ಒಳ್ಳೆ ಸುದ್ದಿ ಅಂತ."

"ಜಗಳ ಆಡೇ ಇಲ್ವಾ ಭಾವ?"

"ಒಂದ್ಸಲ ಆಡಿದ್ವಿ. ಅರ್ಧ ದಿನ ಎಳೆದಾಡಿದ್ವಿ ತುದಿ ಹಿಡ್ಕೊಂಡು. ಕುಕ್ಕರಮ್ಮ ಬಂದು ಇಬ್ರನ್ನೂ ಟವೆಲಿಗೆ ಹಾಕಿದ್ಲು."

ಇಲ್ಲಿಗೆ ಬಂದ ಮೇಲೆ ಭಾವನ ಬೆಡ್‌ಶೀಟಿಗೆ ಆ ಕಡೆಯ ತುದಿ ಹಿಡಿಯುವವರೇ ಇಲ್ಲವಾದರು. ಅಕ್ಕ ಹಿಡಿದರೆ ಮಾತಾಡುತ್ತಾಳೆ. "ಮಾತಾಡ್ಬೇಡ ಕಣೆ" ಎಂದರೆ, "ಗಂಡ ಹೆಂಡ್ತಿ ಎದುರೆದುರು ನಿಂತ್ಕೊಂಡು ಮಾತಾಡ್ದೆ ಮತ್ತೇನು ಗುರಾಯಿಸ್ಬೇಕಾ?" ಎಂದು ತುದಿ ಬಿಟ್ಟು ಹೋಗುತ್ತಾಳೆ. ನಾನು ಹಿಡಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ಗಿರಾಕಿಗಳಿಗೆ ಬಂತು ಪೀಕಲಾಟ.

ಇದೆಲ್ಲ ತಮಾಷೆಯಾಗಿಯೇ ನಡೆಯುತ್ತಿತ್ತು, ಕುಕ್ಕರಮ್ಮ ಫೋನ್ ಮಾಡುವವರೆಗೆ.

ಫೋನ್ ಬಂದದ್ದು ಅಂಗಡಿಯ ಹಳೇ ಲ್ಯಾಂಡ್‌ಲೈನಿಗೆ. ಊರಿನವರ ಜೇಬನ್ನೆಲ್ಲ ತಡಕಿ ಪೆನ್ನು, ಚಿಲ್ಲರೆ, ಪ್ರೇಮಪತ್ರ ತೆಗೆದಿಡುವ ಭಾವ ತಮ್ಮ ಜೇಬನ್ನು ಮರೆತು ಮೊಬೈಲನ್ನು ಪ್ಯಾಂಟಿನ ಜೊತೆ ಒಗೆದಿದ್ದರು. ಅಂದಿನಿಂದ ಲ್ಯಾಂಡ್‌ಲೈನೇ ಗತಿ. ನಾನೇ ಎತ್ತಿದೆ. ಆ ಕಡೆಯಿಂದ ಒಂದು ಉಸಿರು, ಆಮೇಲೆ ಉದ್ದನೆಯ "ಸ್ಸ್ಸ್". ನನಗೆ ರೋಮಾಂಚನ. ಭಾವ ಹೇಳಿದ್ದನ್ನು ಕೇಳಿ ಕೇಳಿ ನಾನು ಮಾಡುತ್ತಿದ್ದ ದನಿಯೇ ನನಗೆ ಹಲೋ ಎನ್ನುತ್ತಿತ್ತು.

ಭಾವ ನಿಂತುಕೊಂಡೇ ಮಾತಾಡಿದರು. ಮುಗಿದ ಮೇಲೆ ರಿಸೀವರನ್ನು ಮೊಟ್ಟೆ ಇಟ್ಟ ಹಾಗೆ ಇಟ್ಟರು.

"ಹೋಟೆಲ್ಲು ದೊಡ್ಡದು ಮಾಡಿದಾರಂತೆ. ಹಳಬರು ಬೇಕಂತೆ. ಬರ್ತೀಯಾ ಅಂತ ಕೇಳಿದ್ಲು. ಈ ವಾರದಲ್ಲಿ ಹೇಳ್ಬೇಕಂತೆ."

"ನೀವೇನಂದ್ರಿ?" ಅಕ್ಕ ಕೇಳಿದಳು.

"ಹೇಳ್ತೀನಿ ಅಂದೆ."

ಅಕ್ಕ ಮತ್ತೇನೂ ಕೇಳಲಿಲ್ಲ. ಒಂದೇ ಶರಟಿನ ಒಂದೇ ಕಾಲರನ್ನು ಉಜ್ಜುತ್ತಾ ಉಜ್ಜುತ್ತಾ ನಿಂತಳು. ಅವತ್ತು ಆ ಕಾಲರಿನಿಂದ ಯಾರದಾದರೂ ಗಡ್ಡ ಬೋಳಿಸಬಹುದಿತ್ತು.

ಮಾರನೆಯ ದಿನ ಭಾವ ಸೋಪಿನ ಪುಡಿ ತರಲು ಹೋದಾಗ ಅವಳು ನನ್ನನ್ನು ಒಗೆಯುವ ಕೋಣೆಗೆ ಎಳೆದಳು. ಎರಡೂ ಮೆಷಿನ್‌ಗಳು ಗುಡುಗುತ್ತಿದ್ದವು, ಕಿವಿಗೆ ಬಾಯಿಟ್ಟು ಮಾತಾಡಬೇಕಾಯಿತು.

"ಹೋಗ್ತಾರೆ ಕಣೋ ಇವ್ರು."

"ಹೋಗ್ತೀನಿ ಅಂದ್ರಾ?"

"ಅನ್ನೋದೇನು? ನಿನ್ನೆ ಊಟಕ್ಕೆ ಕೂತಾಗ ಟೇಬಲ್ ಮೇಲಿನ ಬಟ್ಟೆನ ನಾಲ್ಕು ಸಲ ಮಡಚಿದ್ರು, ನಾಲ್ಕು ಸಲ ಬಿಚ್ಚಿದ್ರು. ನಾನು ಹೋಗಲ್ಲ. ಅಲ್ಲಿ ಮನೇಲಿ ನಾನು ಮಾತಾಡ್ತಿದ್ದಿದ್ದು ಫ್ರಿಜ್ ಜೊತೆ. ಅದೂ ಗುಂಯ್ ಅನ್ನೋದು ಬಿಟ್ರೆ ಇನ್ನೊಂದು ಹೇಳ್ತಿರ್ಲಿಲ್ಲ. ಇಲ್ಲಿ ನನ್ನ ಮೇಜಿದೆ, ನನ್ನ ಗಿರಾಕಿಗಳಿದಾರೆ, ನೀನಿದೀಯ. ಇವ್ರು ಹೋದ್ರೆ ಒಬ್ರೇ ಹೋಗ್ಬೇಕು. ಒಬ್ರೇ ಹೋದ್ರೆ..." ಮೆಷಿನ್ ನೀರು ಕಕ್ಕಿತು, ಅವಳು ನನ್ನ ಗಲ್ಲ ಹಿಡಿದಳು. ಅವಳು ಗಲ್ಲ ಹಿಡಿದರೆ ಏನೋ ಕಾದಿದೆ ಎಂದೇ ಅರ್ಥ.

"ಗಿಳಿ, ಆ ಕುಕ್ಕರಮ್ಮನ ದನಿ ನಿನಗೆ ಬರುತ್ತಲ್ಲ?"

"ಅಕ್ಕ, ಬೇಡ."

"ಕೆಲಸ ಇನ್ನೊಬ್ಬನಿಗೆ ಕೊಟ್ವಿ ಅಂತ ಒಂದು ಮಾತು. ಅಷ್ಟೇ. ಊರಿನವರನ್ನೆಲ್ಲ ನಗಿಸೋ ಗಂಟಲು, ಅಕ್ಕನ ಸಂಸಾರಕ್ಕೆ ಒಂದು ಫೋನ್ ಮಾಡಲ್ವಾ?"

ತಪ್ಪು ಎಂದು ಗೊತ್ತಿತ್ತು. ಆದರೆ ಮಿಮಿಕ್ರಿಯವನಿಗೆ ಹೊಸ ವೇದಿಕೆ ತೋರಿಸುವುದೂ ಇಲಿಗೆ ಕೊಬ್ಬರಿ ತೋರಿಸುವುದೂ ಒಂದೇ.

ಮರುದಿನ ಎದುರು ಸಾಲಿನ ಟೈಲರ್ ಅಂಗಡಿಗೆ ಹೋದೆ. ಅಲ್ಲಿ ಫೋನಿತ್ತು, ಕಿಟಕಿಯಿಂದ ನಮ್ಮ ಅಂಗಡಿಯೂ ಕಾಣುತ್ತಿತ್ತು. ಟೈಲರಣ್ಣ ಸದಾ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ಬಾಯಿ ತೆರೆಯದೆ ಮಾತಾಡುವ ಮನುಷ್ಯ.

"ಯಾರಿಗೆ ಟೋಪಿ?" ಅಂದ ಸೂಜಿಗಳ ನಡುವಿನಿಂದ.

"ಟೋಪಿ ಹೊಲಿಯೋನು ನೀನು, ಹಾಕೋನು ನಾನು. ಸ್ವಲ್ಪ ಮೆಷಿನ್ ನಿಲ್ಸಣ್ಣ."

ನಮ್ಮ ಅಂಗಡಿಯ ನಂಬರ್ ಒತ್ತಿದೆ, ಗಂಟೆ ಹೊಡೆಯಿತು. ಬೀದಿಯಾಚೆ ಭಾವ ಕೈ ಒರೆಸಿಕೊಂಡು ಬಂದು ರಿಸೀವರ್ ಎತ್ತುವುದು ಕಂಡಿತು. ನಾನು ಉಸಿರು ಕಟ್ಟಿದೆ, ಬಿಟ್ಟೆ. "ಸ್ಸ್ಸ್."

ಭಾವ ನೆಟ್ಟಗೆ ನಿಂತರು. ಸೈನಿಕರು ನಿಲ್ಲುತ್ತಾರಲ್ಲ, ಹಾಗೆ. ನನ್ನ ಗಂಟಲು ಆಗಲೇ ಓಡತೊಡಗಿತ್ತು. ಮುರುಕು ಇಂಗ್ಲಿಷನ್ನು ಇನ್ನಷ್ಟು ಮುರಿದೆ. ಹೋಟೆಲಿನ ಯಜಮಾನರು ಮನಸ್ಸು ಬದಲಿಸಿದ್ದಾರೆ, ಮಡಚುವುದಕ್ಕೆ ಮೆಷಿನ್ ತರಿಸುತ್ತಿದ್ದಾರೆ, ಜನ ಬೇಡ, ತುಂಬಾ ಬೇಜಾರು. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಭಾವನ ಭುಜ ಇಳಿದದ್ದು ಕಿಟಕಿಯಿಂದ ಕಂಡಿತು. ಪಾಪ, ಒಂದು ಒಳ್ಳೆಯ ಮಾತು ಸೇರಿಸೋಣ ಅನ್ನಿಸಿತು.

"ನನ್ನ ಕೈಕೆಳಗೆ ನಿನ್ನಷ್ಟು ಚೆನ್ನಾಗಿ ಮಡಚುವವನು ಇನ್ನೊಬ್ಬ ಇರಲಿಲ್ಲ," ಎಂದೆ. "ನೀನೇ ನಂಬರ್ ಒನ್. ಸ್ಸ್ಸ್."

ಭಾವ ಕತ್ತು ತಿರುಗಿಸಿ ಬೀದಿಯನ್ನು ನೋಡಿದರು, ನಮ್ಮ ಸಾಲನ್ನು ನೋಡಿದರು. ನಾನು ತಟ್ಟನೆ ಕುಕ್ಕರುಗಾಲಲ್ಲಿ ಕೂತೆ. ಕುಕ್ಕರಮ್ಮನ ಪಾತ್ರಕ್ಕೆ ಒಪ್ಪುವಂತೆಯೇ.

"ಥ್ಯಾಂಕ್ಯೂ ಮೇಡಂ," ಎಂದರು ಭಾವ ಇಂಗ್ಲಿಷಿನಲ್ಲಿ. ಆಮೇಲೆ ಅಚ್ಚಗನ್ನಡದಲ್ಲಿ, "ಒಂದು ಉಪಕಾರ ಆಗ್ಬೇಕಿತ್ತು. ಆ ಟೈಲರ್ ಹತ್ರ ನನ್ನ ಪ್ಯಾಂಟ್ ರೆಡಿ ಇದ್ರೆ, ಬರುವಾಗ ತಗೊಂಡು ಬಂದ್ಬಿಡಿ ಮೇಡಂ."

ಟೈಲರಣ್ಣ ಬಾಯಲ್ಲಿದ್ದ ಸೂಜಿಗಳನ್ನೆಲ್ಲ ಉಗುಳಿ ನಕ್ಕ. ಅವನ ಹಲ್ಲು ನೋಡಿದ್ದು ನಾನು ಅದೇ ಮೊದಲು.

ಪ್ಯಾಂಟನ್ನು ತೋಳಿನ ಮೇಲೆ ಹಾಕಿಕೊಂಡು, ಯುದ್ಧದಲ್ಲಿ ಸೋತವನು ಬಾವುಟ ತರುವಂತೆ ಬೀದಿ ದಾಟಿದೆ. ಭಾವ ಕೌಂಟರಿನ ಮೇಲೆ ಕೈಯೂರಿ ನಿಂತಿದ್ದರು. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ್ದಳು.

"ಯಾರದು ಈ ಪ್ಲಾನು?" ಭಾವ ಕೇಳಿದರು.

"ನಂದೇ ಭಾವ."

"ನಿಂದಲ್ಲ. ನಿನಗೆ ದನಿ ಇದೆ, ಧೈರ್ಯ ಇಲ್ಲ."

"ನಂದು," ಅಂದಳು ಅಕ್ಕ.

ಭಾವ ಬೈಯುತ್ತಾರೆಂದು ಕಾದೆ. ಅವರು ಪ್ಯಾಂಟನ್ನು ತೆಗೆದುಕೊಂಡು ಅಂಚು ಕೂಡಿಸಿದರು.

"ದನಿ ಸರಿಯಾಗಿತ್ತು ಗಿಳಿ. ಆ ಸ್ಸ್ಸ್ ಕೇಳಿ ನನಗೆ ಬೆವರು ಬಂತು. ಕೆಲಸ ಇಲ್ಲ ಅಂದಾಗಲೂ ನಂಬಿದ್ದೆ. ಆದ್ರೆ ನೀನೇ ನಂಬರ್ ಒನ್ ಅಂದ್ಯಲ್ಲ, ಅಲ್ಲಿ ಸಿಕ್ಕಿಬಿದ್ದೆ. ಆ ರೂಮಲ್ಲಿ ಒಬ್ಬನೇ ಯಾವನೂ ಮಡಚಿಲ್ಲ. ಬೈದ್ರೂ ಇಬ್ರಿಗೂ, ಹೊಗಳಿದ್ರೂ ಇಬ್ರಿಗೂ. ಒಬ್ಬನನ್ನೇ ಹೊಗಳೋದಂದ್ರೆ ಟವೆಲ್ ಮಡಚೋನನ್ನ ಹೊಗಳಿದ ಹಾಗೆ. ಎಷ್ಟು ಸಲ ಹೇಳಿದೀನಿ ನಿನಗೆ. ದನಿ ಕೇಳಿಸ್ಕೋತೀಯ, ಮಾತು ಕೇಳಿಸ್ಕೊಳ್ಳಲ್ಲ."

ನಾನು ಮೆಲ್ಲಗೆ ಕೌಂಟರಿನ ಮರೆಗೆ ಸರಿದೆ.

"ನಾನು ಹೋಗ್ತೀನಿ ಅಂತ ಯಾವಾಗ ಹೇಳಿದ್ದೆ ನಿನಗೆ?" ಭಾವ ಅಕ್ಕನ ಕಡೆ ತಿರುಗಿದರು.

"ಹೋಗಲ್ಲ ಅಂತ ಯಾವಾಗ ಹೇಳಿದ್ರಿ?"

"ಕೇಳಿದ್ರೆ ಹೇಳ್ತಿರ್ಲಿಲ್ವಾ?"

"ಹೇಳಿದ್ರೆ ಕೇಳ್ತಿರ್ಲಿಲ್ವಾ?"

ಭಾವ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಉದ್ದನೆಯ ನಂಬರೊಂದನ್ನು ಒತ್ತಿದರು. "ಬಾ ಇಲ್ಲಿ," ಎಂದು ಅಕ್ಕನನ್ನು ಕರೆದು ರಿಸೀವರನ್ನು ಇಬ್ಬರ ಕಿವಿಯ ನಡುವೆ ಹಿಡಿದರು. ನಾನು ಕೌಂಟರಿನ ಮೇಲೆ ಬಾಗಿ ನನ್ನದೂ ಒಂದು ಕಿವಿ ತೂರಿಸಿದೆ. ಆ ಹೆಂಗಸಿನ ದನಿ ಹೇಗೂ ಬೀದಿಗೆಲ್ಲ ಕೇಳುವಂಥದ್ದು.

ಗೋಡೆ ಅಲ್ಲಿದ್ದಾನಾ ಎಂದು ಅವನ ಹೆಸರು ಹಿಡಿದೇ ಕೇಳಿದರು ಭಾವ. ಗೋಡೆಯ ನಿಜವಾದ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅವತ್ತೇ. ಅದು ನಾಲಿಗೆಗೆ ಒಗ್ಗದ ಹೆಸರು, ನನ್ನಂಥವನಿಗೂ ಆಡಲು ಬರಲಿಲ್ಲ.

ಇಲ್ಲವಂತೆ. ಭಾವ ಬಿಟ್ಟು ಬಂದ ಸ್ವಲ್ಪ ದಿನಕ್ಕೇ ಅವನೂ ತನ್ನ ದೇಶಕ್ಕೆ ಹೊರಟುಹೋದನಂತೆ. ಟವೆಲಿಗೆ ಹಾಕಿದ್ದೆ, ಎರಡು ವಾರ ತಡೆದ, ಹೊರಟ, ಎಂದಳು ಕುಕ್ಕರಮ್ಮ. "ಅವನಿಗೂ ಫೋನ್ ಮಾಡಿದ್ದೆ ಮೊನ್ನೆ. ಮಗಳು ಸ್ಕೂಲಲ್ಲಿ ಇಂಗ್ಲಿಷ್ ಕಲೀತಿದಾಳೆ, ಅವಳೇ ಹೇಳಿದ್ಲು. ನೀನು ಬಂದ್ರೆ ತಾನೂ ಬರ್ತೀನಿ ಅಂದನಂತೆ. ನಿನಗೋಸ್ಕರ ಕಾಯ್ತಿದಾನೆ ಅವನು. ಬಾಗಿಲ ಹತ್ರದ ಜಾಗ ಖಾಲಿ ಇದೆ. ಸ್ಸ್ಸ್."

ಅಕ್ಕನ ಮುಖ ನೋಡಲಾಗಲಿಲ್ಲ ನನಗೆ. ಸುಳ್ಳು ಕುಕ್ಕರಮ್ಮ ಮುಚ್ಚಿದ ಬಾಗಿಲನ್ನು ಅಸಲಿ ಕುಕ್ಕರಮ್ಮ ಎರಡೂ ಕದ ತೆಗೆದು ಹಿಡಿದಿದ್ದಳು.

ಭಾವ ರಿಸೀವರನ್ನು ಬಾಯಿಗೆ ಹತ್ತಿರ ತಂದು, "ಮೇಡಂ, ಆ ಮಗು ದನಿ ಹೇಗಿತ್ತು?" ಎಂದರು.

"ದನಿನಾ? ಮೂಗು ಎಳೀತಿದ್ಲು. ಅತ್ತಿರ್ಬೇಕು. ಮಕ್ಕಳಂದ್ರೆ ಅಳ್ತವೆ. ಯಾಕೆ?"

"ಹಾಗಾದ್ರೆ ಅವನಿಗೆ ಹೇಳಿಬಿಡಿ, ನಾನು ಬರಲ್ಲ ಅಂತ. ಇವತ್ತೇ ಹೇಳಿ."

ಆ ಕಡೆ ಉಸಿರು ಕಟ್ಟಿತು. ಮೂವರೂ ಕಿವಿ ಹಿಂದೆಗೆದೆವು. "ಹಾಳಾಗಿ ಹೋಗಿ ಇಬ್ಬರೂ," ಎಂದು ಕಿರುಚಿ ಕುಕ್ಕರಮ್ಮ ಫೋನ್ ಕುಕ್ಕಿದಳು.

ಭಾವನ ಮುಖ ಅರಳಿತ್ತು. "ಕೇಳಿದ್ಯಾ ಗಿಳಿ? ಇಬ್ಬರೂ ಅಂದ್ಲು. ಹೀಗೆ ಮಾತಾಡ್ಬೇಕು ಅವಳ ಥರ ಮಾತಾಡೋದಾದ್ರೆ."

"ಅವನಿಗೋಸ್ಕರ ಬರಲ್ಲ ಅಂದ್ರಿ," ಅಂದಳು ಅಕ್ಕ. ದನಿಯಲ್ಲಿ ಸಂತೋಷವೂ ಇತ್ತು, ಸಣ್ಣದೊಂದು ಮುನಿಸೂ ಇತ್ತು. "ನನಗೋಸ್ಕರ ಅಲ್ಲ."

"ನಿನಗೋಸ್ಕರ ಬರಲ್ಲ ಅಂತ ಮೊನ್ನೆ ಫೋನ್ ಇಟ್ಟ ತಕ್ಷಣ ಅಂದ್ಕೊಂಡೆ. ಅವನು ಅಲ್ಲೇ ಇದಾನೆ, ಟವೆಲ್ ಮಡಚ್ತಾ ನನ್ನ ದಾರಿ ಕಾಯ್ತಿದಾನೆ ಅನ್ಕೊಂಡಿದ್ದೆ. ಅದಕ್ಕೇ ಬರಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ." ಭಾವ ಇಸ್ತ್ರಿ ಮೇಜಿನ ಹಿಂದಕ್ಕೆ ಹೋಗಿ ಸ್ಟೂಲಿನ ಮೇಲೆ ಕೂತರು. "ಅವನ ಗುಣ ನನಗೆ ಗೊತ್ತು. ಕೈ ಸೋತು ನಡುಗಿದ್ರೂ ಮೊದಲು ತುದಿ ಬಿಡೋನಲ್ಲ. ನಾನು ಬಿಟ್ಟ ಮೇಲೇ ಬಿಡ್ತಿದ್ದ. ನಾನು ಬರ್ತೀನಿ ಅಂದಿದ್ರೆ ಪಾಪ, ಆ ಮಗೂನ ಅಳಿಸಿ ಬಂದು ನಿಂತಿರ್ತಿದ್ದ. ಒಬ್ರು ಬಿಡ್ಬೇಕಲ್ಲ."

"ಇಷ್ಟೆಲ್ಲ ಹೊಟ್ಟೇಲಿಟ್ಕೊಂಡಿದ್ರಲ್ಲ, ನನಗೆ ಹೇಳೋಕೇನಾಗಿತ್ತು ರೋಗ?"

"ಮಾತಾಡದೇ ಇದ್ದು ಅಭ್ಯಾಸ ಆಗೋಗಿದೆ ಕಣೆ."

"ನನ್ನ ಹತ್ರ ಮಾತಾಡಿ ಅಭ್ಯಾಸ ಮಾಡ್ಕೊಳ್ಳಿ," ಎಂದು ಅಕ್ಕ ಅವರ ಎದುರಿಗೆ ಬಟ್ಟೆ ಗಂಟಿನ ಮೇಲೆ ಕೂತಳು. ನಾನು ಅವಳ ಈ ಮಾತನ್ನು ಕುಕ್ಕರಮ್ಮನ ದನಿಯಲ್ಲಿ ಹೇಳಲು ಹೊರಟು, ಆ ಕಡೆಯಿಂದ ಬಂದ ಎರಡು ನೋಟಗಳಿಗೆ ಹೆದರಿ ಬಾಯಿ ಮುಚ್ಚಿದೆ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ, ಯಾರಿಗೂ ಅಲ್ಲ ಎಂಬಂತೆ, "ಆ ಬಸ್ ಡ್ರೈವರು ಈಗ ಏನ್ಮಾಡ್ತಿರ್ಬಹುದು?" ಎಂದಳು.

"ಯಾವ ಡ್ರೈವರು?"

"ಬೆಳಿಗ್ಗೆ ನಾನು ಕೆಲಸಕ್ಕೆ ಹೋಗ್ತಿದ್ದ ಬಸ್ಸಿನೋನು. ನಾನು ಸೀಟಲ್ಲಿ ಕೂರೋವರೆಗೂ ಬಸ್ ಬಿಡ್ತಿರ್ಲಿಲ್ಲ. ಕನ್ನಡೀಲಿ ನೋಡೋನು, ನಾನು ತಲೆ ಆಡಿಸಿದ ಮೇಲೇ ಹೊರಡೋನು. ಒಂದಿನ ನಾನು ಕೂತ ಮೇಲೂ ಬೇಕಂತಲೇ ತಲೆ ಆಡಿಸ್ಲಿಲ್ಲ. ಬಸ್ಸಲ್ಲಿದ್ದೋರೆಲ್ಲ ನನ್ನನ್ನ ನೋಡಿದ್ರು."

ಭಾವ ಕಣ್ಣು ಬಿಟ್ಟರು. "ಆ ಊರನ್ನ ಕಂಡ್ರೆ ಆಗಲ್ಲ ಅಂತಿದ್ದೆ?"

"ಊರನ್ನ ಕಂಡ್ರೆ ಆಗಲ್ಲ. ಬಸ್ಸನ್ನ ಏನೂ ಅಂದಿಲ್ಲವಲ್ಲ. ಅದೂ ಅಲ್ದೆ, ನಾನೂ ಚೆನ್ನಾಗಿತ್ತು ಅಂತ ಶುರು ಮಾಡಿದ್ರೆ ನೀವು ಆವತ್ತೇ ಟಿಕೆಟ್ ತಗೊಂಡ್ಬಿಡ್ತಿದ್ರಿ." ಅವಳು ಸೆರಗಿಲ್ಲದ ಕಡೆ ಸೆರಗು ಹುಡುಕಿ, ಸಿಗದೆ, ಯಾರದೋ ಶರಟಿನ ತೋಳಿನಲ್ಲಿ ಮೂಗು ಒರೆಸಿಕೊಂಡಳು. ಅದನ್ನು ಮತ್ತೆ ಒಗೆಯಬೇಕಾಯಿತು.

"ಆ ಬಸ್ ಸ್ಟಾಪ್ ಪಕ್ಕದ ಬೇಕರಿಯೋಳು?" ಭಾವ ಕೇಳಿದರು ಮೆಲ್ಲಗೆ.

"ಹೂಂ, ಅವಳು. ದಿನಾ ಅದೇ ಬ್ರೆಡ್ ತಗೊಂಡ್ರೂ ದಿನಾ ಹೊಸದಾಗಿ ಕೇಳೋಳು, ಯಾವುದು ಬೇಕು ಅಂತ."

"ಮೆಟ್ಟಿಲ ಮೇಲಿನ ಬಲ್ಬು?"

"ಅರ್ಧ ಮೆಟ್ಟಿಲು ಹತ್ತೋದ್ರೊಳಗೆ ಆರಿಹೋಗೋದು. ನೀವು ಕತ್ತಲಲ್ಲಿ ಪಕ್ಕದ ಮನೆಗೆ ಬೀಗದಕೈ ಹಾಕಿ ತಿರುಗಿಸಿದ್ರಿ ನೋಡಿ..."

ಇಬ್ಬರೂ ನಗತೊಡಗಿದರು. ಅಷ್ಟರಲ್ಲಿ ವಕೀಲರೊಬ್ಬರು ತಮ್ಮ ಕರಿ ಕೋಟಿಗಾಗಿ ಬಂದು ಕೌಂಟರು ತಟ್ಟಿದರು. ಕೋಟು ಇಸ್ತ್ರಿ ಆಗಿರಲಿಲ್ಲ. ಒಳಗಿನ ನಗು ಹೊರಗೆ ಕೇಳುತ್ತಿತ್ತು.

"ಏನಯ್ಯಾ, ಓನರ್ ಇಲ್ವಾ?"

"ಇಬ್ಬರೂ ಫಾರಿನ್‌ಗೆ ಹೋಗಿದಾರೆ ಸಾರ್," ಎಂದೆ. "ಕೂತ್ಕೊಳ್ಳಿ, ಇಸ್ತ್ರಿ ಪೆಟ್ಟಿಗೆ ಕಾಯೋಷ್ಟರಲ್ಲಿ ಬರ್ತಾರೆ."